ಬಫರ್‌ಗೆ ಹಾಕಿದ 40 ನಿಮಿಷಕ್ಕೆ ಜೆಲ್ ಮಣಿ ಒಡೆಯುತ್ತಿದೆ, 12 ಗಂಟೆ ತಡೆಯುವಂತೆ ಮಾಡೋದು ಹೇಗೆ?

ಹಾಸನ_ಎಂಎಸ್ಸಿ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಕೊನೇ ಸೆಮಿಸ್ಟರ್ ಓದ್ತಿದ್ದೀನಿ. ಪ್ರಾಜೆಕ್ಟ್‌ಗೆ ಔಷಧವನ್ನು ನಿಧಾನವಾಗಿ ಬಿಡುವ ಹೈಡ್ರೋಜೆಲ್ (ನೀರು ಹಿಡಿದಿಟ್ಟುಕೊಳ್ಳುವ ಉದ್ದ ಸರಪಳಿಗಳ ಬಲೆ) ಆರಿಸಿಕೊಂಡೆ. ನಮ್ಮಮ್ಮ ಮಂಡಿನೋವಿಗೆ ದಿನಕ್ಕೊಂದು ಡೈಕ್ಲೋಫೆನಾಕ್ ಎಸ್‌ಆರ್ (ಔಷಧವನ್ನು ನಿಧಾನಕ್ಕೆ ಬಿಡುವ) ಮಾತ್ರೆ ನುಂಗ್ತಾರೆ. ಬೆಳಿಗ್ಗೆ ತಿಂಡಿ ಆದ್ಮೇಲೆ ನುಂಗಿದ ಒಂದು ಮಾತ್ರೆ ರಾತ್ರಿವರೆಗೂ ಹೇಗೆ ಕೆಲಸ ಮಾಡುತ್ತೆ ಅಂತ ಅವರೇ ಒಂದು ಸಲ ಕೇಳಿದ್ರು. ಉತ್ತರ ಸರಿಯಾಗಿ ಗೊತ್ತಿರಲಿಲ್ಲ, ಅದಕ್ಕೇ ಈ ವಿಷಯ.

ಮಾಡಿದ್ದು ಇಷ್ಟು. ಶೇ 2ರ ಸೋಡಿಯಂ ಆಲ್ಜಿನೇಟ್ ದ್ರಾವಣಕ್ಕೆ ಡೈಕ್ಲೋಫೆನಾಕ್ ಸೋಡಿಯಂ ಕಲಸಿ, ಸಿರಿಂಜ್ ಸೂಜಿಯಿಂದ ಶೇ 3ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿ ಹನಿಯಾಗಿ ಬಿಟ್ಟೆ. ಹನಿ ಬಿದ್ದ ತಕ್ಷಣ ಗುಂಡಗಿನ ಮಣಿ ಆಗುತ್ತೆ, ನೋಡೋಕೆ ಬಹಳ ಚೆನ್ನಾಗಿರುತ್ತೆ. ಅರ್ಧ ಗಂಟೆ ಅದರಲ್ಲೇ ಬಿಟ್ಟು, ಎರಡು ಸಲ ತೊಳೆದು, 40 ಡಿಗ್ರಿ ಓವನ್‌ನಲ್ಲಿ ರಾತ್ರಿಯಿಡೀ ಒಣಗಿಸಿದೆ. ಒಣಗಿದ ಮೇಲೆ ಸಾಸಿವೆ ಕಾಳಿನಷ್ಟು.

ತೊಂದರೆ ಮೂರು. ಹೊಟ್ಟೆಯ ಹಾಗಿರಲಿ ಅಂತ ಪಿಎಚ್ 1.2ರ ಆಮ್ಲದಲ್ಲಿ 2 ಗಂಟೆ ಇಟ್ಟಾಗ ಔಷಧ ಹೊರಗೇ ಬರಲಿಲ್ಲ, ಇದು ಒಳ್ಳೇದೇ ಅಂದ್ಕೊಂಡೆ. ಆಮೇಲೆ ಕರುಳಿನ ಹಾಗಿರಲಿ ಅಂತ ಪಿಎಚ್ 7.4ರ ಫಾಸ್ಫೇಟ್ ಬಫರ್‌ಗೆ (ಪಿಎಚ್ ಬದಲಾಗದಂತೆ ಹಿಡಿಯುವ ದ್ರಾವಣ) ಹಾಕಿದರೆ ಮಣಿ ಊದಿಕೊಂಡು, ಮೆತ್ತಗಾಗಿ, 40 ನಿಮಿಷಕ್ಕೆ ಒಡೆದು ಹರಡಿಹೋಯ್ತು. ಎರಡನೇದು, ಒಡೆದಾಗ ಯುವಿ ಯಂತ್ರದಲ್ಲಿ (ಔಷಧ ಎಷ್ಟು ಬೆಳಕು ಹೀರುತ್ತೆ ಅಂತ ಅಳೆಯೋದು) 276 ನ್ಯಾನೊಮೀಟರ್‌ನಲ್ಲಿ ರೀಡಿಂಗ್ ತಗೊಂಡರೆ ಹೊರಬಂದ ಔಷಧ ಶೇ 108 ಅಂತ ಲೆಕ್ಕ ಬರ್ತಿದೆ! ಇರೋದಕ್ಕಿಂತ ಜಾಸ್ತಿ ಹೇಗೆ ಬರುತ್ತೆ? ಮೂರನೇದು, ಮಣಿಗಳನ್ನು ಅರೆದು ಮೆಥನಾಲ್‌ನಲ್ಲಿ ನೆನೆಸಿ ಅಳೆದರೆ, ನಾನು ಹಾಕಿದ ಔಷಧದಲ್ಲಿ ಅರ್ಧದಷ್ಟು ಲೆಕ್ಕಕ್ಕೇ ಸಿಗ್ತಿಲ್ಲ.

ಫ್ರೀಜ್ ಡ್ರೈಯರ್ (ಹೆಪ್ಪುಗಟ್ಟಿಸಿ ಒಣಗಿಸುವ ಯಂತ್ರ) ನಮ್ಮಲ್ಲಿಲ್ಲ. ಅದಿಲ್ಲದೆ ಈ ಕೆಲಸ ಆಗೋದೇ ಇಲ್ಲ ಅಂತ ಸೀನಿಯರ್ ಒಬ್ಬರು ಹೇಳಿದ್ರು. ಹೌದಾ?

ಚಿಕ್ಕಮಗಳೂರು_ಮೇಷ್ಟ್ರು

ಅಮ್ಮಾ, ಮೊದಲು ಒಂದು ಪ್ರಶ್ನೆ. ಮಣಿ ಒಡೆಯುವ ಹೊತ್ತಿಗೆ ಬಫರ್ ತಿಳಿಯಾಗಿತ್ತೋ ಅಥವಾ ಅಕ್ಕಿ ತೊಳೆದ ನೀರಿನ ಹಾಗೆ ಸ್ವಲ್ಪ ಬೆಳ್ಳಗಾಗಿತ್ತೋ?

ಹಾಸನ_ಎಂಎಸ್ಸಿ

ಹೌದು ಸರ್, ತೆಳುವಾಗಿ ಬೆಳ್ಳಗಾಗಿತ್ತು. ಆಲ್ಜಿನೇಟ್ ಕರಗಿರಬೇಕು ಅಂದ್ಕೊಂಡು ಬಿಟ್ಟೆ. ಬರೆದೂ ಇಟ್ಟಿಲ್ಲ.

ಚಿಕ್ಕಮಗಳೂರು_ಮೇಷ್ಟ್ರು

ಆ ಬಿಳುಪಿನಲ್ಲೇ ನಿನ್ನ ಎರಡು ಪ್ರಶ್ನೆಗೆ ಉತ್ತರ ಇದೆ. ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದ್ದೀನಿ, ಮಕ್ಕಳು ಬರೆದಿಡದೇ ಬಿಟ್ಟ ಸಾಲಿನಲ್ಲೇ ಎಷ್ಟೋ ಸಲ ಉತ್ತರ ಸಿಕ್ಕಿದೆ. ಇನ್ನು ಮೇಲೆ ಬಣ್ಣ, ವಾಸನೆ, ಮಬ್ಬು ಎಲ್ಲಾ ಬರೆದಿಡು.

ಆಲ್ಜಿನೇಟ್ ಅನ್ನೋದು ಕಂದು ಕಡಲಪಾಚಿಯಿಂದ ತೆಗೆದ ಉದ್ದನೆಯ ಸಕ್ಕರೆ ಸರಪಳಿ. ಅದರಲ್ಲಿ ಮ್ಯಾನ್ಯುರಾನಿಕ್, ಗುಲ್ಯುರಾನಿಕ್ ಎಂಬ ಎರಡು ಬಗೆಯ ಕೊಂಡಿಗಳು. ಗುಲ್ಯುರಾನಿಕ್ ಕೊಂಡಿಗಳು ಸಾಲಾಗಿ ಬಂದ ಕಡೆ ಸರಪಳಿ ಡೊಂಕಾಗಿ ಗುಳಿಗಳಾಗುತ್ತವೆ. ಎರಡು ಸರಪಳಿ ಎದುರುಬದುರು ಬಂದಾಗ ಆ ಗುಳಿಯಲ್ಲಿ ಕ್ಯಾಲ್ಸಿಯಂ ಕೂರುತ್ತೆ. ಅಂಗಡಿಯಲ್ಲಿ ಎರಡು ರಟ್ಟಿನ ಟ್ರೇ ನಡುವೆ ಮೊಟ್ಟೆ ಕೂತಿರುತ್ತಲ್ಲ, ಹಾಗೆ. 1973ರಿಂದಲೂ ಇದಕ್ಕೆ ಮೊಟ್ಟೆಪೆಟ್ಟಿಗೆ ಮಾದರಿ ಅಂತಲೇ ಹೆಸರು. ನಿನ್ನ ಮಣಿಯನ್ನು ಮಣಿಯಾಗಿ ಹಿಡಿದಿರೋದು ಆ ಕ್ಯಾಲ್ಸಿಯಂ ಗಂಟುಗಳು, ಬೇರೇನೂ ಅಲ್ಲ.

ಈಗ ಆ ಮಣಿಯನ್ನು ತಗೊಂಡು ಹೋಗಿ ಫಾಸ್ಫೇಟ್ ಬಫರ್‌ಗೆ ಹಾಕಿದೆ. ಫಾಸ್ಫೇಟ್ ಕ್ಯಾಲ್ಸಿಯಂ ಅನ್ನು ಕಂಡರೆ ಬಿಡೋದಿಲ್ಲ, ಎಳೆದುಕೊಂಡು ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ಗಟ್ಟಿ ಕೂರುತ್ತೆ. ಬಿಳುಪು ಅದೇ. ಬಫರ್‌ನಲ್ಲಿರುವ ಸೋಡಿಯಂ ಕ್ಯಾಲ್ಸಿಯಂ ಖಾಲಿ ಮಾಡಿದ ಜಾಗಕ್ಕೆ ಬಂದು ಕೂರುತ್ತೆ, ಆದರೆ ಸೋಡಿಯಂಗೆ ಒಂದೇ ಕೈ, ಎರಡು ಸರಪಳಿಯನ್ನು ಹಿಡಿಯೋಕಾಗಲ್ಲ. ಗಂಟು ಬಿಚ್ಚಿತು, ನೀರು ನುಗ್ಗಿತು, ಮಣಿ ಊದಿ ಒಡೆಯಿತು.

ಶೇ 108 ಬಂದಿದ್ದೂ ಅದರಿಂದಲೇ ಇರಬೇಕು. ಮಬ್ಬು ದ್ರಾವಣವನ್ನು ಹಾಗೇ ಯುವಿಗೆ ಇಟ್ಟರೆ ಕಣಗಳು ಬೆಳಕನ್ನು ಚದುರಿಸುತ್ತವೆ, ಯಂತ್ರಕ್ಕೆ ಅದೂ ಹೀರಿಕೆ ಅಂತಲೇ ಕಾಣುತ್ತೆ. 0.45 ಮೈಕ್ರಾನ್ ಸಿರಿಂಜ್ ಫಿಲ್ಟರ್‌ನಲ್ಲಿ ಸೋಸಿ ಆಮೇಲೆ ಓದು. ಔಷಧ ಹಾಕದ ಖಾಲಿ ಮಣಿಗಳನ್ನೂ ಅದೇ ಬಫರ್‌ನಲ್ಲಿ ಬಿಟ್ಟು ಅದನ್ನೇ ಬ್ಲ್ಯಾಂಕ್ (ಲೆಕ್ಕದಿಂದ ಕಳೆಯಬೇಕಾದ ಖಾಲಿ ಓದು) ಮಾಡಿಕೊ.

ಯಾವುದನ್ನೂ ನಾನು ಹೇಳಿದೆ ಅಂತ ನಂಬಬೇಡ, ನಾಳೆ ನೀನೇ ನೋಡು. ನಾಲ್ಕು ಬೀಕರ್ ಇಡು: ಒಂದರಲ್ಲಿ ಡಿಸ್ಟಿಲ್ಡ್ ವಾಟರ್, ಒಂದರಲ್ಲಿ ಪಿಎಚ್ 7.4ರ ಟ್ರಿಸ್ ಬಫರ್ (ಫಾಸ್ಫೇಟ್ ಇಲ್ಲದ್ದು), ಒಂದರಲ್ಲಿ ಶೇ 0.9 ಉಪ್ಪುನೀರು, ಕೊನೇದರಲ್ಲಿ ಫಾಸ್ಫೇಟ್. ಒಂದೇ ಬ್ಯಾಚಿನ ಹತ್ತತ್ತು ಮಣಿ ಹಾಕಿ ಸಂಜೆವರೆಗೆ ನೋಡು.

ಅರಸೀಕೆರೆ_ಫಾರ್ಮಾ

ಮೇಷ್ಟ್ರು ಹೇಳಿದ್ದು ಸರಿ. ನಾನು ಅರಸೀಕೆರೆಯವನು, ಬೆಂಗಳೂರಲ್ಲಿ ಮಾತ್ರೆ ಫಾರ್ಮುಲೇಶನ್ ಕೆಲಸ. ಉಳಿದದ್ದು ನಾನು ಹೇಳ್ತೀನಿ ತಂಗಿ.

ಆಮ್ಲದಲ್ಲಿ ಔಷಧ ಬರಲಿಲ್ಲ ಅಂತ ಸಂತೋಷಪಟ್ಟೆಯಲ್ಲ, ಅದು ಜೆಲ್ಲಿನ ಗುಣ ಅಂತ ಥೀಸಿಸ್‌ನಲ್ಲಿ ಬರೀಬೇಡ. ಡೈಕ್ಲೋಫೆನಾಕ್ ದುರ್ಬಲ ಆಮ್ಲ, ಅದರ ಪಿಕೆಎ (ಅರ್ಧದಷ್ಟು ಅಣುಗಳು ಆವೇಶ ಪಡೆದಿರುವ ಪಿಎಚ್) 4ರ ಆಸುಪಾಸು. ಪಿಎಚ್ 1.2ರಲ್ಲಿ ಸೋಡಿಯಂ ಬಿಟ್ಟುಹೋಗಿ ಅದು ಕರಗದ ರೂಪಕ್ಕೆ ತಿರುಗುತ್ತೆ. ಜೆಲ್ ಇಲ್ಲದೆ ಬರೀ ಪುಡಿ ಹಾಕಿದ್ದರೂ ಅಲ್ಲಿ ಹೆಚ್ಚು ಕರಗ್ತಿರಲಿಲ್ಲ. ಕರಗದೇ ಇದ್ದದ್ದು ಔಷಧ, ತಡೆದದ್ದು ಜೆಲ್ ಅಂತ ತಿಳಿದುಕೊಂಡು ‘ಪಿಎಚ್‌ಗೆ ಸ್ಪಂದಿಸುವ ಜೆಲ್’ ಅಂತ ಬರೆದ ಪ್ರಾಜೆಕ್ಟ್ ವರದಿಗಳನ್ನು ನಾನೇ ಓದಿದ್ದೀನಿ. ಆಲ್ಜಿನೇಟ್ ಆಮ್ಲದಲ್ಲಿ ಕುಗ್ಗೋದು ನಿಜವೇ. ಆದರೆ ನಿನ್ನ ಅಂಕಿಯಲ್ಲಿ ಅದರ ಪಾಲು ಎಷ್ಟು, ಔಷಧದ್ದೆಷ್ಟು ಅಂತ ಬೇರೆ ಮಾಡಿ ತೋರಿಸಬೇಕು. ಬರೀ ಪುಡಿಯದ್ದೊಂದು ಪ್ರಯೋಗ ಪಕ್ಕದಲ್ಲೇ ಮಾಡು.

ಕಾಣೆಯಾದ ಅರ್ಧ ಔಷಧವನ್ನು ಹನಿ ಬಿಟ್ಟ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ, ಅಂದ್ರೆ ಬಾತ್‌ನಲ್ಲಿ ಹುಡುಕು. ಮಣಿ ಗಟ್ಟಿಯಾಗೋ ಅರ್ಧ ಗಂಟೆಯಲ್ಲಿ ಔಷಧ ಸುಮ್ಮನೆ ಒಳಗೆ ಕೂತಿರುತ್ತಾ? ಹೊರಗೆ ಔಷಧ ಇಲ್ಲದ ನೀರಿದೆ, ಆ ಕಡೆಗೇ ಹರಿಯುತ್ತೆ. ಎರಡು ಸಲ ತೊಳೆದ ನೀರಿನಲ್ಲೂ ಒಂದಿಷ್ಟು ಹೋಗಿರುತ್ತೆ. ಆ ನೀರನ್ನು ಸಿಂಕಿಗೆ ಚೆಲ್ಲದೆ ಅಳೆದು ಇಡು. ಹಾಕಿದ್ದು ಇಷ್ಟು, ಮಣಿಯಲ್ಲಿ ಇಷ್ಟು, ಬಾತ್‌ನಲ್ಲಿ ಇಷ್ಟು, ತೊಳೆದ ನೀರಲ್ಲಿ ಇಷ್ಟು, ಒಟ್ಟು ಕೂಡಿದರೆ ನೂರರ ಹತ್ತಿರ ಬರಬೇಕು. ನಮ್ಮಲ್ಲಿ ಈ ಲೆಕ್ಕ ಕೂಡದೆ ಮುಂದಿನ ಹೆಜ್ಜೆಯೇ ಇಡಲ್ಲ.

ಇನ್ನೊಂದು: ಅರೆದು ಮೆಥನಾಲ್‌ನಲ್ಲಿ ನೆನೆಸಿದರೆ ಮಣಿಯೊಳಗಿನ ಔಷಧವೆಲ್ಲ ಬರುತ್ತೆ ಅನ್ನೋ ಖಾತ್ರಿ ಇಲ್ಲ, ಯಾಕಂದ್ರೆ ಆಲ್ಜಿನೇಟ್ ಮೆಥನಾಲ್‌ನಲ್ಲಿ ಕರಗಲ್ಲ. ಒಳಗಿರೋದನ್ನು ಕಮ್ಮಿ ಅಳೆದರೆ ಹೊರಬಂದದ್ದು ತಾನಾಗಿ ಶೇ 100 ದಾಟುತ್ತೆ. ಸೋಡಿಯಂ ಸಿಟ್ರೇಟ್ ದ್ರಾವಣದಲ್ಲಿ ಹಾಕು. ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಮಣಿಯನ್ನು ಪೂರ್ತಿ ಕರಗಿಸುತ್ತೆ, ಬಿಳುಪೂ ಬರಲ್ಲ.

ಫ್ರೀಜ್ ಡ್ರೈಯರ್ ಬಗ್ಗೆ: ನಿನ್ನ ಕೆಲಸಕ್ಕೆ ಅದು ಇಲ್ಲದಿರೋದೇ ಒಳ್ಳೇದು. ಹಾಗೆ ಒಣಗಿಸಿದರೆ ಮಣಿಯೊಳಗೆಲ್ಲ ರಂಧ್ರ ಉಳಿಯುತ್ತೆ, ನೀರು ಬೇಗ ನುಗ್ಗುತ್ತೆ, ಔಷಧ ಬೇಗ ಬರುತ್ತೆ. ಓವನ್‌ನಲ್ಲಿ ಒಣಗಿದ್ದು ಕುಗ್ಗಿ ಗಟ್ಟಿಯಾಗುತ್ತೆ, ಬಿಡುಗಡೆ ನಿಧಾನ.

ಅಮ್ಮನಿಗೆ ಒಂದು ಮಾತು ತಪ್ಪದೆ ಹೇಳು. ಎಸ್‌ಆರ್ ಅಂತ ಬರೆದ ಮಾತ್ರೆಯನ್ನು ಮುರಿದು, ಪುಡಿ ಮಾಡಿ, ಅಗಿದು ತಗೋಬಾರದು. ಇಂಥ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಹೈಪ್ರೊಮೆಲೋಸ್ ತರದ ಪಾಲಿಮರ್ (ಉದ್ದ ಸರಪಳಿಯ ವಸ್ತು) ಇರುತ್ತೆ. ನೀರು ತಾಗಿದಾಗ ಮಾತ್ರೆಯ ಮೈಮೇಲೆ ಲೋಳೆಯ ಪದರ ಕಟ್ಟುತ್ತೆ, ಔಷಧ ಆ ಲೋಳೆ ದಾಟಿಕೊಂಡು ಬರಬೇಕು. ಅಮ್ಮ ಕೇಳಿದ ಪ್ರಶ್ನೆಗೆ ಉತ್ತರ ಅದು. ಪುಡಿ ಮಾಡಿದರೆ ಇಡೀ ದಿನದ್ದು ಒಂದೇ ಸಲಕ್ಕೆ ಹೊಟ್ಟೆಗಿಳಿಯುತ್ತೆ.

ಬಾಳೆಹೊನ್ನೂರು_ತೋಟ

ನಾನು ಕೆಮಿಸ್ಟ್ರಿ ಓದಿದವನಲ್ಲ, ಕಾಫಿ ತೋಟ ನೋಡ್ಕೊಂಡಿರೋನು. ಲೋಳೆ ಅಂತ ಬಂತಲ್ಲ, ಅದಕ್ಕೆ ಓದ್ತಾ ಕೂತೆ. ಕಾಫಿ ಹಣ್ಣು ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿದ ಮೇಲೆ ಬೀಜದ ಮೇಲೆ ಲೋಳೆ ಉಳಿಯುತ್ತೆ. ಎಷ್ಟು ತೊಳೆದರೂ ಹೋಗಲ್ಲ ಮಾರಾಯ್ರೆ. ತೊಟ್ಟಿಯಲ್ಲಿ ಒಂದು ದಿನದ ಹತ್ತಿರ ಹುಳಿ ಬರಿಸಿದರೆ ಮಾತ್ರ ಜಾರಿಹೋಗುತ್ತೆ, ಕೈಯಲ್ಲಿ ಉಜ್ಜಿದರೆ ಬೀಜ ಗರಗರ ಅನ್ನುತ್ತೆ. ಇದೂ ನಿಮ್ಮ ಹೈಡ್ರೋಜೆಲ್ಲೇನಾ? ನಮ್ಮ ಮನೇಲಿ ತಲೆಗೆ ಹಾಕೋ ದಾಸವಾಳ ಸೊಪ್ಪಿನ ಗೊಂಪು?

ಚಿಕ್ಕಮಗಳೂರು_ಮೇಷ್ಟ್ರು

ಎರಡೂ ಅದೇ ಜಾತಿ. ಕಾಫಿ ಬೀಜದ ಲೋಳೆಯಲ್ಲಿ ಪೆಕ್ಟಿನ್ ಇದೆ, ನೀರು ಹಿಡಿದ ಪಾಲಿಮರ್ ಬಲೆ. ತೊಟ್ಟಿಯಲ್ಲಿ ಹುಳಿ ಬರುವಾಗ ಸೂಕ್ಷ್ಮಜೀವಿಗಳ ಕಿಣ್ವ ಮತ್ತು ಹಣ್ಣಿನದೇ ಕಿಣ್ವಗಳು ಆ ಸರಪಳಿಯನ್ನು ತುಂಡು ಮಾಡ್ತವೆ, ಅದಕ್ಕೇ ಜಾರುತ್ತೆ. ಗೊಂಪೂ ಸಕ್ಕರೆ ಸರಪಳಿಗಳೇ. ಕಾಮಕಸ್ತೂರಿ ಬೀಜ ನೆನೆಸಿದಾಗ ಸುತ್ತ ಕಟ್ಟೋ ಪೊರೆಯೂ ಹಾಗೇ. ನೀವು ಕೇಳಿದ ಈ ಪ್ರಶ್ನೆಯನ್ನು ತರಗತಿಯಲ್ಲಿ ನಾನೇ ಕೇಳಬೇಕಿತ್ತು.

ದೊಡ್ಡ ಕರುಳಿಗೆ ಔಷಧ ಮುಟ್ಟಿಸೋಕೆ ಪೆಕ್ಟಿನ್ ಬಗ್ಗೆ ತುಂಬಾ ಕೆಲಸ ಆಗಿದೆ, ಕಾರಣ ನಿಮ್ಮ ತೊಟ್ಟಿಯಲ್ಲಿ ಆಗೋದೇ. ಹೊಟ್ಟೆ, ಸಣ್ಣ ಕರುಳಿನಲ್ಲಿ ಅದನ್ನು ಜೀರ್ಣಿಸುವ ಕಿಣ್ವ ನಮ್ಮಲ್ಲಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಬಿಡಿಸ್ತವೆ.

ಕಡೂರು_ತೆಂಗು

ಸರ್, ಮಧ್ಯೆ ಬಂದೆ. ನೀರು ಹಿಡಿಯೋ ಜೆಲ್ ಪುಡಿ ಅಂತ ತಂದು ತೆಂಗಿನ ಸಸಿ ಬುಡಕ್ಕೆ ಹಾಕಿದ್ದೆ. ತನ್ನ ತೂಕದ 300–400 ಪಟ್ಟು ನೀರು ಕುಡಿಯುತ್ತೆ ಅಂದಿದ್ರು. ನಮ್ಮ ಬೋರ್‌ವೆಲ್ ನೀರಲ್ಲಿ ನೆನೆಸಿದರೆ ಅದರ ಕಾಲು ಭಾಗವೂ ಊದಲಿಲ್ಲ. ಮೋಸದ ಮಾಲಾ?

ಚಿಕ್ಕಮಗಳೂರು_ಮೇಷ್ಟ್ರು

ಮೋಸ ಅಂತ ಹೇಳೋಕೆ ಮುಂಚೆ ಒಂದು ಪರೀಕ್ಷೆ ಮಾಡಿ. ಒಂದೇ ಅಳತೆಯ ಎರಡು ಲೋಟ. ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ಬೋರ್‌ನೀರು, ಎರಡಕ್ಕೂ ಚಿಟಿಕೆ ಪುಡಿ. ಮಳೆನೀರಲ್ಲಿ ಚೆನ್ನಾಗಿ ಊದಿದರೆ ಮಾಲು ಸರಿಯಿದೆ, ನೀರು ಗಡಸು.

ಆ ಪುಡಿ ಸಾಮಾನ್ಯವಾಗಿ ಪೊಟ್ಯಾಸಿಯಂ ಪಾಲಿಅಕ್ರಿಲೇಟ್. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಮಾಡಿದ ಪೂಸಾ ಹೈಡ್ರೋಜೆಲ್ ಇದೇ ಬಗೆಯದು, ಸೆಲ್ಯುಲೋಸ್ ಬೆರೆತದ್ದು. ಅದನ್ನು ಎಕರೆಗೆ 1ರಿಂದ 2 ಕಿಲೊ ಹಾಕಿ ಅಂತಾರೆ. ಸರಪಳಿಯ ಮೇಲಿರೋ ಋಣ ಆವೇಶಗಳು ಒಂದನ್ನೊಂದು ತಳ್ಳುವುದರಿಂದ, ಒಳಗಿನ ಅಯಾನುಗಳು ನೀರನ್ನು ಸೆಳೆಯುವುದರಿಂದ ಅದು ಊದುತ್ತೆ. ಹೊರಗಿನ ನೀರಲ್ಲೇ ಉಪ್ಪು ಇದ್ದರೆ ಸೆಳೆತ ಕಮ್ಮಿ. ಕ್ಯಾಲ್ಸಿಯಂ, ಮೆಗ್ನೀಸಿಯಂ ಇದ್ದರೆ ಇನ್ನೂ ಕೆಟ್ಟದ್ದು, ಸರಪಳಿಗಳನ್ನೇ ಜೋಡಿಸಿ ಕಟ್ಟಿಹಾಕುತ್ತೆ. ಹಾಸನದ ಹುಡುಗಿಯ ಮಣಿಯನ್ನು ಹಿಡಿದಿಟ್ಟ ಕ್ಯಾಲ್ಸಿಯಂ ಕಡೂರಿನ ಬೋರ್‌ವೆಲ್ಲಿನಲ್ಲಿ ನಿಮ್ಮ ಪುಡಿಯನ್ನು ಊದದ ಹಾಗೆ ಹಿಡಿದಿದೆ. ಗೊಬ್ಬರದ ಉಪ್ಪಿನಿಂದಲೂ ಅದೇ ಆಗುತ್ತೆ. ಮಕ್ಕಳ ಡೈಪರ್‌ನಲ್ಲಿರೋ ಪುಡಿಯೂ ಇದರ ತಮ್ಮ; ಶುದ್ಧ ನೀರನ್ನು ನೂರಾರು ಪಟ್ಟು ಹೀರುತ್ತೆ, ಶೇ 0.9 ಉಪ್ಪುನೀರಾದರೆ ಅದರ ಹತ್ತನೇ ಒಂದು ಪಾಲಿನ ಆಸುಪಾಸು ಅಷ್ಟೆ.

ಕಡೂರು_ತೆಂಗು

ಮಾಡಿದೆ ಸರ್. ಚಾವಣಿ ಮೇಲಿಂದ ಹಿಡಿದಿಟ್ಟ ಮಳೆನೀರಲ್ಲಿ ಲೋಟ ತುಂಬಾ ಊದಿ ಮೇಲೆ ಬಂತು. ಬೋರ್‌ನೀರಿನದ್ದು ತಳದಲ್ಲೇ ಇದೆ. ಅಂಗಡಿಯವನಿಗೆ ಬೈದಿದ್ದೆ, ನಾಳೆ ಹೋಗಿ ಮಾತಾಡ್ತೀನಿ.

ಹಾಸನ_ಎಂಎಸ್ಸಿ

ಸರ್, ಅಣ್ಣ, ನಾಲ್ಕು ಬೀಕರ್ ಪ್ರಯೋಗ ಮುಗೀತು. ಡಿಸ್ಟಿಲ್ಡ್ ವಾಟರ್‌ನಲ್ಲಿ ಮಣಿ ಸಂಜೆವರೆಗೂ ಹಾಗೇ ಇತ್ತು. ಟ್ರಿಸ್‌ನಲ್ಲೂ ಆಕಾರ ಕೆಡಲಿಲ್ಲ. ಉಪ್ಪುನೀರಲ್ಲಿ ನಿಧಾನಕ್ಕೆ ದಪ್ಪ ಆಗ್ತಾ ಹೋಯ್ತು, ಚಿಮಟದಲ್ಲಿ ಹಿಡಿದರೆ ಜಾರುತ್ತೆ, ಆದರೆ ಒಡೀಲಿಲ್ಲ. ಫಾಸ್ಫೇಟ್‌ನಲ್ಲಿ ಮತ್ತೆ ಅದೇ ಕಥೆ, ಬಿಳುಪು ಸಮೇತ. ಟ್ರಿಸ್, ಫಾಸ್ಫೇಟ್ ಎರಡರಲ್ಲೂ ಪಿಎಚ್ 7.4, ಆದರೂ ಇಷ್ಟು ವ್ಯತ್ಯಾಸ. ಇಷ್ಟು ದಿನ ‘ಪಿಎಚ್ 7.4ರಲ್ಲಿ ಒಡೆಯುತ್ತೆ’ ಅಂತ ಬರೀತಿದ್ದೆ. ಅದು ತಪ್ಪು ಅಂತ ಕಣ್ಣಾರೆ ಕಂಡೆ.

ಕ್ಯಾಲ್ಸಿಯಂ ಬಾತ್ ಅಳೆದೆ. ಔಷಧ ಅಲ್ಲೇ ಇತ್ತು! ತೊಳೆದ ನೀರು, ಸಿಟ್ರೇಟ್‌ನಲ್ಲಿ ಕರಗಿಸಿದ ಮಣಿ ಎಲ್ಲಾ ಕೂಡಿಸಿದರೆ ಶೇ 96.

ಈಗ ಪ್ರಶ್ನೆ: ಹಾಗಾದ್ರೆ ಫಾಸ್ಫೇಟ್ ಬಿಟ್ಟು ಟ್ರಿಸ್‌ನಲ್ಲೇ ಪ್ರಯೋಗ ಮಾಡಿ 12 ಗಂಟೆ ಬಂತು ಅಂತ ಬರೆದರೆ ಆಗುತ್ತಾ?

ಅರಸೀಕೆರೆ_ಫಾರ್ಮಾ

ಆಗಲ್ಲ ತಂಗಿ. ಕರುಳಿನಲ್ಲಿ ಟ್ರಿಸ್ ಇಲ್ಲ. ಅಲ್ಲಿ ಬೇಕಾದಷ್ಟು ಸೋಡಿಯಂ ಇದೆ, ಪಿತ್ತ ಇದೆ, ಊಟದ ಜೊತೆ ಬಂದ ಫಾಸ್ಫೇಟೂ ಇರುತ್ತೆ. ಮಣಿ ಗೆಲ್ಲುವ ಜಾಗ ನೋಡಿ ಆಟ ಆಡಿಸಿದ ಹಾಗಾಗುತ್ತೆ. ಎರಡರಲ್ಲೂ ಮಾಡಿ, ಎರಡನ್ನೂ ತೋರಿಸು.

12 ಗಂಟೆ ಅನ್ನೋ ಗುರಿಯ ಬಗ್ಗೆಯೂ ಯೋಚಿಸು. ಹೊಟ್ಟೆ ದಾಟಿದ ಮೇಲೆ ಸಣ್ಣ ಕರುಳಿನಲ್ಲಿ ಮಣಿ ಇರೋದು ಸುಮಾರು 3–4 ಗಂಟೆ. ಆಮೇಲೆ ದೊಡ್ಡ ಕರುಳು. ಅಲ್ಲಿ ನೀರು ಕಮ್ಮಿ, ಬ್ಯಾಕ್ಟೀರಿಯಾ ಜಾಸ್ತಿ. ಬೀಕರ್‌ನ 12 ಗಂಟೆಯಲ್ಲಿ ಯಾವ ಗಂಟೆ ಯಾವ ಜಾಗದ್ದು ಅಂತ ಗುರುತಿಸಿಕೊಂಡು ಬರಿ.

ಬೇಲೂರು_ಬಿಇ

ಆಲ್ಜಿನೇಟ್ ಬಿಟ್ಟು ಅಕ್ರಿಲಮೈಡ್ ಜೆಲ್ ಮಾಡಬಹುದಲ್ವ? ಮೀಥಿಲೀನ್ ಬಿಸ್ ಅಕ್ರಿಲಮೈಡ್ ಹಾಕಿದರೆ ಕೋವೇಲೆಂಟ್ ಅಡ್ಡಕೊಂಡಿ, ಅಂದ್ರೆ ಸರಪಳಿಗಳ ನಡುವೆ ಸುಲಭಕ್ಕೆ ಬಿಡದ ಬಂಧ. ಫಾಸ್ಫೇಟ್ ಏನು ಮಾಡಿದರೂ ಬಿಚ್ಚಲ್ಲ. ಪೊಟ್ಯಾಸಿಯಂ ಪರ್ಸಲ್ಫೇಟ್ ಹಾಕಿ 60–70 ಡಿಗ್ರಿಗೆ ಬಿಸಿ ಮಾಡಿದರೆ ಆಯ್ತು.

ಚಿಕ್ಕಮಗಳೂರು_ಮೇಷ್ಟ್ರು

ಆಗುತ್ತೆ, ಗಂಟು ಬಿಚ್ಚೋದೂ ಇಲ್ಲ. ಆದರೆ ಇಲ್ಲಿ ನಾನು ಸ್ವಲ್ಪ ಹೊತ್ತು ನಿಂತು ಮಾತಾಡಲೇಬೇಕು.

ಅಕ್ರಿಲಮೈಡ್ ಪಾಲಿಮರ್ ಆದ ಮೇಲೆ ನಿರುಪದ್ರವಿ. ಪಾಲಿಮರ್ ಆಗದೆ ಉಳಿದ ಅಕ್ರಿಲಮೈಡ್ ನರಗಳಿಗೆ ವಿಷ, ಚರ್ಮದ ಮೂಲಕವೂ ಒಳಗೆ ಹೋಗುತ್ತೆ. ಯಾವ ಪ್ರತಿಕ್ರಿಯೆಯೂ ಶೇ 100 ಮುಗಿಯಲ್ಲ. ಉಳಿಕೆ ಜೆಲ್ಲಿನ ಒಳಗೇ ಸಿಕ್ಕಿಕೊಂಡಿರುತ್ತೆ. ಅದನ್ನು ತೆಗೆಯೋಕೆ ದಿನಗಟ್ಟಲೆ ನೀರು ಬದಲಿಸಿ ಬದಲಿಸಿ ತೊಳೀಬೇಕು, ತೊಳೆದ ನೀರಲ್ಲಿ ಇನ್ನೂ ಬರ್ತಿದೆಯೋ ಅಂತ ಎಚ್‌ಪಿಎಲ್‌ಸಿಯಲ್ಲಿ (ದ್ರಾವಣದಲ್ಲಿರೋದನ್ನು ಬೇರ್ಪಡಿಸಿ ಅಳೆಯುವ ಯಂತ್ರ) ನೋಡಬೇಕು. ‘ಜೀವವೈದ್ಯಕೀಯ ಬಳಕೆಗೆ’ ಅಂತ ಶೀರ್ಷಿಕೆ ಕೊಟ್ಟು, ಎರಡು ಸಲ ನೀರಲ್ಲಿ ಅದ್ದಿ ತೆಗೆದ ಜೆಲ್ಲನ್ನು ನಾನು ನೋಡಿದ್ದೀನಿ. ಬಲೆ ಕಟ್ಟೋದು ಒಂದು ಮಧ್ಯಾಹ್ನದ ಕೆಲಸ, ತೊಳೆಯೋದು ಒಂದು ವಾರದ್ದು. ಆ ವಾರಕ್ಕೆ ಸಮಯ ಇಲ್ಲದಿದ್ದರೆ ದೇಹದ ಹೆಸರು ಎತ್ತಬಾರದು. ಅಡ್ಡಕೊಂಡಿ ಹಾಕೋಕೆ ಬಳಸುವ ಗ್ಲುಟರಾಲ್ಡಿಹೈಡ್‌ಗೂ ಇದೇ ಮಾತು.

ಜೆಲ್ ಮಾಡೋಕೆ ಅಕ್ರಿಲಿಕ್ ಆಮ್ಲ ಬಳಸುವವರಿಗೂ ಒಂದು ವಿಷಯ, ನಮ್ಮೂರಿನವರು ಕೇಳಲೇಬೇಕಾದ್ದು. ಅದು ಹೆಪ್ಪುಗಟ್ಟೋದು 13–14 ಡಿಗ್ರಿಯಲ್ಲಿ. ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿಗೆ ಅಷ್ಟು ಸಾಕು. ಒಂದು ವರ್ಷ ಸ್ಟೋರ್ ಬಾಗಿಲು ತೆಗೆದಾಗ ಬಾಟಲಿ ಹರಳುಗಟ್ಟಿತ್ತು. ಅಟೆಂಡರ್ ಬಿಸಿನೀರಿನ ಬಕೆಟ್ ತಂದು ಅದರಲ್ಲಿ ಇಡೋಕೆ ಹೊರಟಿದ್ದ, ಓಡಿ ಹೋಗಿ ಹಿಡಿದೆ. ತಾನಾಗಿ ಪಾಲಿಮರ್ ಆಗದಿರಲಿ ಅಂತ ಅದಕ್ಕೆ ತಡೆಕಾರಕ ಬೆರೆಸಿರ್ತಾರೆ. ಹೆಪ್ಪುಗಟ್ಟುವಾಗ ಹರಳಿನೊಳಗೆ ತಡೆಕಾರಕ ಸೇರೋದಿಲ್ಲ, ಉಳಿದ ದ್ರವದಲ್ಲೇ ನಿಲ್ಲುತ್ತೆ. ಬಿಸಿ ಕೊಟ್ಟು ಕರಗಿಸಿದರೆ ತಡೆಕಾರಕ ಇಲ್ಲದ ಭಾಗ ಒಮ್ಮೆಲೇ ಪಾಲಿಮರ್ ಆಗತೊಡಗಿ, ಶಾಖ ಏರಿ, ಬಾಟಲಿ ಸಿಡಿಯಬಹುದು. ಕೋಣೆಯ ಬೆಚ್ಚಗಿನ ಜಾಗದಲ್ಲಿ ನಿಧಾನಕ್ಕೆ ಕರಗಲು ಬಿಟ್ಟು, ಮಧ್ಯೆ ಮಧ್ಯೆ ಮೆಲ್ಲಗೆ ಕಲಕಬೇಕು. ಅರ್ಧ ಕರಗಿದ ಬಾಟಲಿಯಿಂದ ಸುರಿದುಕೊಳ್ಳಲೇಬಾರದು.

ಹಾಸನದ ಅಮ್ಮಾ, ನಿನಗೆ ಇದ್ಯಾವುದೂ ಬೇಡ. ಕೈಟೊಸಾನ್ ಹೊದಿಕೆ ಹಾಕು. ಸಿಗಡಿ ಚಿಪ್ಪಿನ ಕೈಟಿನ್‌ನಿಂದ ಮಾಡಿದ್ದು, ಶೇ 1 ಅಸಿಟಿಕ್ ಆಮ್ಲದಲ್ಲಿ ಕರಗುತ್ತೆ, ಮೈಮೇಲೆ ಧನ ಆವೇಶ. ಆಲ್ಜಿನೇಟ್ ಋಣ. ಎರಡೂ ಹಿಡಿದುಕೊಂಡು ಮಣಿಯ ಸುತ್ತ ಪೊರೆ ಆಗುತ್ತೆ. ಪಿಎಚ್ 6.5 ದಾಟಿದರೆ ಕೈಟೊಸಾನ್‌ನ ಆವೇಶ ಕಮ್ಮಿಯಾಗಿ ಹಿಡಿತ ಸಡಿಲ ಆಗುತ್ತೆ ನಿಜ, ಆದರೆ ಅಲ್ಲಿ ಅದು ಕರಗೋದೂ ಇಲ್ಲ, ಪೊರೆಯಾಗಿ ಉಳಿಯುತ್ತೆ. ಮಣಿಗೆ ಹೊದಿಕೆ ಹಾಕೋ ಉಪಾಯ ಹಳೇದು. ಫ್ರಾಂಕ್ಲಿನ್ ಲಿಮ್ ಮತ್ತು ಆಂಥನಿ ಸನ್ 1980ರಲ್ಲಿ ಇನ್ಸುಲಿನ್ ಸ್ರವಿಸುವ ಜೀವಂತ ಕೋಶಗುಚ್ಛಗಳನ್ನು ಆಲ್ಜಿನೇಟ್ ಮಣಿಯಲ್ಲಿಟ್ಟು, ಮೇಲೆ ಧನ ಆವೇಶದ ಪಾಲಿಲೈಸಿನ್ ಹೊದಿಸಿ, ಮಧುಮೇಹದ ಇಲಿಗಳಿಗೆ ಹಾಕಿದ್ರು.

ಉಪಕರಣ ಇಲ್ಲ ಅಂತ ಕೊರಗಬೇಡ. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಇವತ್ತು ಎಲ್ಲರ ಕಣ್ಣಲ್ಲಿದೆ. ಪ್ರಾಗ್‌ನ ಒಟ್ಟೊ ವಿಖ್ಟರ್ಲೆ, ದ್ರಹೊಸ್ಲಾವ್ ಲಿಮ್ ಜೊತೆ 1960ರಲ್ಲಿ ಆ ಹೈಡ್ರೋಜೆಲ್ ಬಗ್ಗೆ ಬರೆದರು. 1961ರ ಕ್ರಿಸ್‌ಮಸ್‌ಗೆ ಮನೆಯಲ್ಲೇ ಮಗನ ಜೋಡಣೆ ಆಟಿಕೆ ಮತ್ತು ಸೈಕಲ್ ಡೈನಮೊ ಹಿಡಿದು ಲೆನ್ಸ್ ತಿರುಗಿಸುವ ಯಂತ್ರ ಕಟ್ಟಿದರು, ಅದರಲ್ಲೇ ಲೆನ್ಸ್ ಬಂತು.

ಹಾಸನ_ನರ್ಸ್

ನಾನು ಡ್ರೆಸ್ಸಿಂಗ್ ರೂಮಿನಲ್ಲಿ 11 ವರ್ಷದಿಂದ ಇದ್ದೀನಿ. ಈ ಚರ್ಚೆ ಓದುವಾಗ ನನಗೆ ಒಂದು ವಿಷಯ ಹೊಳೀತು, ತಪ್ಪಿದ್ದರೆ ತಿದ್ದಿ. ಕೀವು, ನೀರು ಜಾಸ್ತಿ ಸುರಿಯೋ ಗಾಯಕ್ಕೆ ನಾವು ಆಲ್ಜಿನೇಟ್ ಡ್ರೆಸ್ಸಿಂಗ್ ಇಡ್ತೀವಿ. ಇಡುವಾಗ ಒಣ ಹತ್ತಿ ತರ, ಮಾರನೇ ದಿನ ತೆಗೆದರೆ ಜೆಲ್ ಆಗಿರುತ್ತೆ, ಗಾಯಕ್ಕೆ ಅಂಟದೆ ಮೆಲ್ಲಗೆ ಬರುತ್ತೆ. ಈ ಹುಡುಗಿಯ ಮಣಿ ಒಡೆಯೋದೂ, ನಮ್ಮ ಡ್ರೆಸ್ಸಿಂಗ್ ಜೆಲ್ ಆಗೋದೂ ಒಂದೇ ಕಾರಣಕ್ಕಾ?

ಅರಸೀಕೆರೆ_ಫಾರ್ಮಾ

ಅದೇ ಕಾರಣ ಅಕ್ಕ. ಗಾಯದ ನೀರಿನ ಸೋಡಿಯಂ ಒಳಗೆ ಹೋಗುತ್ತೆ, ಕ್ಯಾಲ್ಸಿಯಂ ಹೊರಗೆ ಬರುತ್ತೆ, ನಾರು ಊದಿ ಜೆಲ್ ಆಗುತ್ತೆ. ಇವಳಿಗೆ ತೊಂದರೆ ಆದದ್ದು ನಿಮಗೆ ಅನುಕೂಲ.

ಹಾಸನ_ನರ್ಸ್

ಹಾಗಿದ್ರೆ ಓದೋ ಬೇರೆಯವರಿಗೂ ಹೇಳ್ತೀನಿ. ಒಣಗಿ ಕಪ್ಪು ಪದರ ಕಟ್ಟಿದ, ನೀರು ಬರದ ಗಾಯಕ್ಕೆ ಆಲ್ಜಿನೇಟ್ ಇಡಬಾರದು, ಇದ್ದ ತೇವವನ್ನೂ ಎಳೆದುಬಿಡುತ್ತೆ. ಅಲ್ಲಿ ತೇವ ಕೊಡುವ ಹೈಡ್ರೋಜೆಲ್ ಬೇಕಾಗಬಹುದು, ರಕ್ತ ಓಡಾಟ ಇದೆಯಾ ಅಂತ ಡಾಕ್ಟರ್ ನೋಡಿದ ಮೇಲೆ. ಗಾಯ ಒಣಗಲಿ ಅಂತ ಗಾಳಿಗೆ ಬಿಡೋದು ನಮ್ಮ ಕಡೆ ಈಗಲೂ ಇದೆ. ಜಾರ್ಜ್ ವಿಂಟರ್ ಅನ್ನೋರು 1962ರಲ್ಲೇ ಹಂದಿಗಳ ಮೇಲೆ ತೋರಿಸಿದ್ರು, ತೇವ ಉಳಿಸಿ ಮುಚ್ಚಿದ ಗಾಯದ ಮೇಲೆ ಹೊಸ ಚರ್ಮ ಬೇಗ ಬರುತ್ತೆ ಅಂತ. ನಮಗೆ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿದ್ದು.

ಸಕ್ಕರೆ ಕಾಯಿಲೆಯವರು ಕಾಲಿನ ಗಾಯಕ್ಕೆ ಮನೇಲಿ ಲೋಳೆಸರ ಸೀಳಿ ಕಟ್ಟಿಕೊಂಡು ಬರ್ತಾರೆ. ಲೋಳೆ ತಂಪು ಅನ್ನೋದು ಅವರ ನಂಬಿಕೆ, ಬೈಯೋಕೆ ಮನಸ್ಸು ಬರಲ್ಲ. ಆದರೆ ಅದು ಸ್ಟೆರೈಲ್ ಅಲ್ಲ. ಕಾಲಲ್ಲಿ ಸ್ಪರ್ಶ ಇರಲ್ಲ, ಒಳಗೆ ಕೀವಾದರೂ ಗೊತ್ತಾಗಲ್ಲ. ಪಟ್ಟಿ ಬಿಚ್ಚಿದಾಗ ಮೂಳೆವರೆಗೆ ಹೋಗಿರೋದನ್ನು ನೋಡಿದ್ದೀನಿ. ಪುಟ್ಟಮ್ಮ, ನಿನ್ನ ಜೆಲ್ ಎಷ್ಟೇ ಚೆನ್ನಾಗಿ ಬರಲಿ, ಯಾರ ಮೈಗೂ ಹಚ್ಚಿ ನೋಡಬೇಡ, ನಿನ್ನ ಕೈಗೂ ಬೇಡ.

ಹಾಸನ_ಎಂಎಸ್ಸಿ

ಇಲ್ಲ ಅಕ್ಕ, ಖಂಡಿತ ಮಾಡಲ್ಲ. ಲ್ಯಾಬ್ ಬಿಟ್ಟು ಹೊರಗೆ ತರೋದೇ ಇಲ್ಲ.

ತರೀಕೆರೆ_ಅಮ್ಮ

ಒಂದೇ ಮಾತು. ಜಾತ್ರೆಯಲ್ಲಿ ಬಣ್ಣದ ನೀರುಮಣಿ ಮಾರ್ತಾರಲ್ಲ, ನೆನೆಸಿದರೆ ಗೋಲಿಯಷ್ಟಾಗೋದು, ಅದೂ ಇದೇ ಪಾಲಿಮರ್ ಅಲ್ವಾ? ನನ್ನ ಮಗ ಒಣಗಿದ್ದು ಬಾಯಿಗೆ ಹಾಕಿಕೊಂಡಿದ್ದ, ಉಗುಳಿಸಿದೆ. ನುಂಗಿದ್ದರೆ?

ಹಾಸನ_ನರ್ಸ್

ನುಂಗಿದರೆ ಕರುಳಲ್ಲಿ ಊದಿ ದಾರಿ ಕಟ್ಟಬಹುದು, ಆಪರೇಷನ್‌ವರೆಗೆ ಹೋದ ಮಕ್ಕಳಿದ್ದಾರೆ. ಬಹಳಷ್ಟು ಸಲ ಎಕ್ಸ್‌ರೇಯಲ್ಲಿ ಕಾಣಲ್ಲ. ಪುಟ್ಟ ಮಕ್ಕಳಿರೋ ಮನೆಯಲ್ಲಿ ಇಡಲೇಬೇಡಿ. ನುಂಗಿದ ಅನುಮಾನ ಬಂದರೆ ವಾಂತಿ ಆಗಲಿ ಅಂತ ಕಾಯದೆ ಕರ್ಕೊಂಡು ಬನ್ನಿ, ಪ್ಯಾಕೆಟ್ಟೂ ತನ್ನಿ.

ಅರಸೀಕೆರೆ_ಫಾರ್ಮಾ

ತಂಗಿ, ಕೈಟೊಸಾನ್‌ಗೆ ಒಂದು ಸಲಹೆ. ಮಣಿ ಮಾಡಿ ಆಮೇಲೆ ಅದ್ದಬೇಡ. ಕ್ಯಾಲ್ಸಿಯಂ ಬಾತ್‌ಗೇ ಕೈಟೊಸಾನ್ ಸೇರಿಸಿ, ಪಿಎಚ್ 5ರ ಹತ್ತಿರ ತಂದು ಅದಕ್ಕೇ ಹನಿ ಬಿಡು. ಆ ಪಿಎಚ್‌ನಲ್ಲಿ ಡೈಕ್ಲೋಫೆನಾಕ್ ಕರಗೋದು ಕಮ್ಮಿ, ಬಾತ್‌ಗೆ ಸೋರೋದು ಕಮ್ಮಿಯಾಗಬೇಕು. ಔಷಧ ಋಣ, ಕೈಟೊಸಾನ್ ಧನ, ಆ ಹಿಡಿತವೂ ಸ್ವಲ್ಪ ಸಹಾಯ. ಬಾತ್‌ನಲ್ಲಿ ಇಡೋ ಹೊತ್ತು 30 ನಿಮಿಷದಿಂದ 10ಕ್ಕೆ ಇಳಿಸಿಯೂ ನೋಡು.

ಗ್ರಾಫ್ ಬಂದ ಮೇಲೆ ಎಲ್ಲರೂ ಮಾಡೋ ತಪ್ಪು ಮಾಡಬೇಡ. ಹಿಗುಚಿ ಅವರ 1961ರ ಸಮೀಕರಣ ಹೊರಬಂದ ಔಷಧ ಕಾಲದ ವರ್ಗಮೂಲಕ್ಕೆ ಅನುಪಾತ ಅನ್ನುತ್ತೆ. ಅದು ಊದದ, ಒಡೆಯದ ವಸ್ತುವಿಗೆ. ನಿನ್ನದು ಊದುತ್ತೆ. ಕೋರ್ಸ್‌ಮೆಯರ್–ಪೆಪ್ಪಾಸ್ ಸಮೀಕರಣ (ಬಿಡುಗಡೆ ಕಾಲದ ಒಂದು ಘಾತಕ್ಕೆ ಅನುಪಾತ ಅನ್ನೋದು) ಹಾಕುವುದಾದರೆ ಮೊದಲ ಶೇ 60 ಬಿಡುಗಡೆಯ ಅಂಕಿ ಮಾತ್ರ ತಗೋ. ಗೋಲಕ್ಕೆ ಬರೀ ವಿಸರಣೆಯ (ಔಷಧ ತಾನಾಗಿ ಹರಡಿ ಹೊರಬರೋದು) ಘಾತ 0.43. ತೆಳು ಹಾಳೆಯ 0.5 ಹಾಕಿಕೊಂಡು ‘ಇದು ವಿಸರಣೆಯೇ’ ಅಂತ ತೀರ್ಪು ಕೊಡಬೇಡ. ಐದು ಸಮೀಕರಣ ಹಾಕಿ ಯಾವುದು ಚೆನ್ನಾಗಿ ಕೂತಿತೋ ಅದೇ ಕಾರಣ ಅಂತಲೂ ಬರೀಬೇಡ. ಮಣಿಯ ವ್ಯಾಸವನ್ನು ಗಂಟೆಗೊಮ್ಮೆ ಅಳೆದರೆ ಸಮೀಕರಣಕ್ಕಿಂತ ಜಾಸ್ತಿ ತಿಳಿಯುತ್ತೆ.

ಹಾಸನ_ಎಂಎಸ್ಸಿ

ಎರಡು ವಾರ ಆಯ್ತು, ಕ್ಷಮಿಸಿ. ಕೈಟೊಸಾನ್ ಬರೋದು ತಡ ಆಯ್ತು.

ಹೊದಿಕೆ ಹಾಕಿದ ಮಣಿ ಫಾಸ್ಫೇಟ್‌ನಲ್ಲಿ 40 ನಿಮಿಷಕ್ಕೆ ಒಡೆಯಲಿಲ್ಲ. ಊದಿತು, ಆದರೆ ಪೊರೆ ಹಿಡಿದಿತ್ತು. ಸುಮಾರು ಐದೂವರೆ ಗಂಟೆ ಆದಮೇಲೆ ಒಂದೊಂದೇ ಸೀಳತೊಡಗಿತು. ಬಾತ್‌ಗೆ ಸೋರಿದ್ದು ಮೊದಲಿನ ಅರ್ಧಕ್ಕಿಂತ ಕಮ್ಮಿ. ಸೋಸಿ ಓದಿದ್ದರಿಂದ ಈ ಸಲ ಶೇ 100 ದಾಟಲಿಲ್ಲ. ಬರೀ ಪುಡಿಯ ಪ್ರಯೋಗವನ್ನೂ ಆಮ್ಲದಲ್ಲಿ ಮಾಡಿದೆ. ಅಣ್ಣ ಹೇಳಿದ ಹಾಗೇ, ಪುಡಿಯೂ ಕರಗಲೇ ಇಲ್ಲ. ಆಮ್ಲದ ಗ್ರಾಫಿನ ಕೆಳಗೆ ಅದನ್ನೂ ಹಾಕಿದ್ದೀನಿ.

ಒಂದೇ ಬ್ಯಾಚಿನಲ್ಲಿ ಕೆಲವು ಮಣಿ 4 ಗಂಟೆಗೇ ಸೀಳುತ್ತೆ, ಕೆಲವು 7 ಗಂಟೆ ನಿಲ್ಲುತ್ತೆ. ಯಾಕಿರಬಹುದು?

ಚಿಕ್ಕಮಗಳೂರು_ಮೇಷ್ಟ್ರು

ಭೇಷ್. ಸೂಜಿಯ ತುದಿಯಿಂದ ಬಾತ್‌ಗೆ ಎಷ್ಟು ಎತ್ತರ? ಕೈಯಿಂದ ಒತ್ತುತ್ತೀಯಾ? ಕೊನೇ ಮಣಿ ಬೀಳೋ ಹೊತ್ತಿಗೆ ಮೊದಲ ಮಣಿ ಎಷ್ಟು ನಿಮಿಷ ಬಾತ್‌ನಲ್ಲಿತ್ತು?

ಹಾಸನ_ಎಂಎಸ್ಸಿ

ಅಯ್ಯೋ. ಕೈಯಿಂದಲೇ ಸರ್. 10 ನಿಮಿಷ ಇಡೋದು ಅಂತ ಬರೆದಿದ್ದೀನಿ, ಆದರೆ ಎಲ್ಲಾ ಹನಿ ಬಿಟ್ಟು ಮುಗಿಸೋಕೇ 12 ನಿಮಿಷ ಆಗಿತ್ತು. ಹಾಗಾದ್ರೆ ಮೊದಲನೇದು 22 ನಿಮಿಷ, ಕೊನೇದು 10.

ಚಿಕ್ಕಮಗಳೂರು_ಮೇಷ್ಟ್ರು

ಹಾಗಾದ್ರೆ ಅದು ಒಂದು ಬ್ಯಾಚ್ ಅಲ್ಲ, ಹತ್ತು ಬ್ಯಾಚ್. ಒಂದು ಸಲಕ್ಕೆ ಒಂದೇ ನಿಮಿಷದಲ್ಲಿ ಮುಗಿಯುವಷ್ಟು ಬಿಡು. ಹಾಗೆ ಮೂರು ಬೇರೆ ಬೇರೆ ದಿನ ಮಾಡಿ ಮೂರರ ಸರಾಸರಿ ತಗೋ.

ಹಾಸನ_ಎಂಎಸ್ಸಿ

ಆಯ್ತು ಸರ್. ನಾಳೆ ಬೆಳಿಗ್ಗೆ 8ಕ್ಕೆ ಶುರು ಮಾಡ್ತೀನಿ. ಅರ್ಧ ಗಂಟೆಗೊಂದು ಸ್ಯಾಂಪಲ್, ರಾತ್ರಿ 8ರವರೆಗೆ. ಸಂಜೆ 6ರ ಮೇಲೆ ಲ್ಯಾಬ್ ಬೀಗ ಹಾಕ್ತಾರೆ, ಗೈಡ್ ಹತ್ರ ಪತ್ರ ಬರೆಸಿಕೊಂಡಿದ್ದೀನಿ. ಗೆಳತಿ ಮಧ್ಯಾಹ್ನದ ಸ್ಯಾಂಪಲ್ ತೆಗೀತೀನಿ ಅಂದಿದ್ದಾಳೆ. ಅಮ್ಮ ಇಬ್ಬರಿಗೂ ರೊಟ್ಟಿ ಕಟ್ಟಿಕೊಡ್ತಾರಂತೆ. ಲೋಳೆ ಪದರದ ವಿಷಯ ಅವರಿಗೆ ಹೇಳಿದೆ. ಮಾತ್ರೆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ನೋಡ್ತಾ ಕೂತಿದ್ರು.